ಕಟ್ಟಿದವರು ಯಾರೋ, ಬಂದು ಕೂತವರು ಯಾರೋ

ಕೇಳುಗರಿಗೆಲ್ಲ ನಮಸ್ಕಾರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ಅಂತ ಎಷ್ಟೊಂದು ಜಾಲತಾಣಗಳು ಈಗ ನಮ್ಮ ಕೈಯಲ್ಲೇ ಇವೆ. ಯಾವುದರಲ್ಲಿ ಯಾರು ಸೇರಿದ್ದಾರೆ ಅಂತ ನೋಡಿದರೆ ಒಂದು ಮಜಾ ಕಾಣುತ್ತದೆ. ಕಟ್ಟಿದವರು ಯಾರನ್ನೋ ಕಾಯುತ್ತಾ ಇರುತ್ತಾರೆ. ಬಂದು ಕೂರುವವರು ಬೇರೆಯೇ ಜನ.

ಆರ್ಕುಟ್ ನೆನಪಿದೆಯಾ? ಇವತ್ತು ಮೂವತ್ತೈದು ದಾಟಿದವರು ಈ ಹೆಸರು ಕೇಳಿದರೆ ಸಾಕು, ಸುಮ್ನೆ ನಗುತ್ತಾರೆ. 2004ರ ಜನವರಿ 24ರಂದು ಗೂಗಲ್ ಅದನ್ನು ಶುರು ಮಾಡಿತು. ಫೇಸ್‌ಬುಕ್ ಹುಟ್ಟಿದ್ದು ಅದೇ ವರ್ಷ ಫೆಬ್ರವರಿ 4ಕ್ಕೆ. ಅಂದರೆ ವಯಸ್ಸಿನಲ್ಲಿ ಆರ್ಕುಟ್ಟೇ ದೊಡ್ಡದು, ಹನ್ನೊಂದು ದಿನ! ಆರ್ಕುಟ್ ಬುಯುಕ್ಕೊಕ್ಟೆನ್ ಅನ್ನುವ ಟರ್ಕಿ ಮೂಲದ ಎಂಜಿನಿಯರ್ ಕಟ್ಟಿದ ತಾಣಕ್ಕೆ ಅವರ ಹೆಸರೇ ನಿಂತಿತು. ಮೊದಮೊದಲು ಒಳಗಿದ್ದವರು ಕರೆದರೆ ಮಾತ್ರ ಸೇರಬಹುದಿತ್ತು.

ತಾಣ ಅಮೆರಿಕದ್ದು, ಆದರೆ ನುಗ್ಗಿದವರು ಬ್ರೆಜಿಲ್‌ನವರು. ಒಂದು ವರ್ಷ ತುಂಬುವುದರೊಳಗೆ ಅಲ್ಲಿ ಅಮೆರಿಕದವರಿಗಿಂತ ಅವರೇ ಜಾಸ್ತಿಯಾದರು. ಇಂಗ್ಲಿಷ್ ಗುಂಪುಗಳ ಒಳಗೂ ಪೋರ್ಚುಗೀಸ್‌ನಲ್ಲೇ ಹರಟೆ ಹೊಡೆದರು. ಇಂಗ್ಲಿಷ್‌ನವರು ಗೊಣಗಿದರು, ಕೇಳುವವರು ಯಾರು? ‘ಬೆಳಿಗ್ಗೆ ಬೇಗ ಏಳೋದು ಅಂದ್ರೆ ನಂಗಾಗಲ್ಲ’ ಅನ್ನುವ ಅರ್ಥದ ಅವರ ಒಂದು ಗುಂಪಿಗೆ ಲಕ್ಷಾಂತರ ಜನ ಸೇರಿದ್ದರು. ಸೇರಿ ಮಾಡುವ ಕೆಲಸ ಅಲ್ಲಿ ಏನೂ ಇರಲಿಲ್ಲ. ಸೇರಿದ್ದೇವೆ ಅಂತ ತೋರಿಸಿಕೊಳ್ಳುವುದೇ ಖುಷಿ.

ಆಮೇಲೆ ನಾವು ಬಂದೆವು. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತು, ಮೊದಲು ತೆಗೆಯುತ್ತಿದ್ದುದು ಸ್ಕ್ರ್ಯಾಪ್‌ಬುಕ್. ಗೆಳೆಯರು ಅಲ್ಲಿ ಬರೆದ ಸ್ಕ್ರ್ಯಾಪ್‌ಗಳನ್ನು, ಅಂದರೆ ಪುಟ್ಟ ಸಂದೇಶಗಳನ್ನು, ದಾರಿಹೋಕರೂ ಓದಬಹುದಿತ್ತು, ಓದುತ್ತಲೂ ಇದ್ದರು. ನಮ್ಮ ಪುಟಕ್ಕೆ ಯಾರು ಇಣುಕಿ ಹೋದರು ಅಂತಲೂ ಅದು ತೋರಿಸುತ್ತಿತ್ತು. ಇದರಿಂದ ಎಷ್ಟು ಪ್ರೇಮ ಪ್ರಕರಣಗಳು ಬಯಲಾದವೋ! ಇನ್ನು ‘ಟೆಸ್ಟಿಮೋನಿಯಲ್’ ಅಂತ ಒಂದಿತ್ತು. ಗೆಳೆಯನನ್ನು ಹೊಗಳಿ ನಾಲ್ಕು ಸಾಲು ಬರೆಯುವುದು. ಅದು ಥೇಟ್ ನಮ್ಮ ಮದುವೆ ಮನೆಯ ಮುಯ್ಯಿ. ‘ನಾನು ಬರೆದಾಯ್ತು, ನೀನ್ ಯಾವಾಗ ಬರೀತೀಯ?’ ಅಂತ ಕೇಳಿ ಬರೆಸಿಕೊಳ್ಳುತ್ತಿದ್ದರು.

ತಾಣ ಆಗಾಗ ಕೆಟ್ಟು ಕೂರುತ್ತಿತ್ತು. ಆಗ ಪರದೆಯ ಮೇಲೆ ಬರುತ್ತಿದ್ದ ಸಾಲು, ‘ಬ್ಯಾಡ್, ಬ್ಯಾಡ್ ಸರ್ವರ್. ನೋ ಡೋನಟ್ ಫಾರ್ ಯೂ.’ ತಂಟೆ ಮಾಡಿದ ಮಗುವಿಗೆ ತಿಂಡಿ ಇಲ್ಲ ಅಂತ ಗದರಿದ ಹಾಗೆ. ಆ ಕಾಲಕ್ಕೆ ನಮ್ಮ ಹಾಸನದಲ್ಲೋ ದಾವಣಗೆರೆಯಲ್ಲೋ ಡೋನಟ್ ಕಂಡವರು ಎಷ್ಟು ಜನ? ಆ ಸಾಲು ಬರೆದವರ ಮನಸ್ಸಿನಲ್ಲಿ ನಾವು ಇರಲೇ ಇಲ್ಲ ಅಲ್ವಾ? 2008ರಲ್ಲಿ ಗೂಗಲ್ ಆರ್ಕುಟ್‌ನ ಪೂರ್ತಿ ಉಸ್ತುವಾರಿಯನ್ನು ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಊರಿನ ತನ್ನ ಕಚೇರಿಗೆ ವಹಿಸಿತು. ಬಳಸುವವರು ಇದ್ದ ಕಡೆಗೇ ತಾಣ ನಡೆದುಹೋಯಿತು. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದರು.

ಆರ್ಕುಟ್‌ಗೂ ಮುಂಚೆ, 2002ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಫ್ರೆಂಡ್‌ಸ್ಟರ್ ಅಂತ ಒಂದು ಶುರುವಾಗಿತ್ತು. ಅದರ ಪುಟ ತೆರೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅಮೆರಿಕದವರು ಬೇಸತ್ತು ಮೈಸ್ಪೇಸ್ ಅನ್ನುವ ಇನ್ನೊಂದು ತಾಣಕ್ಕೆ ಹೋದರು. ಫಿಲಿಪೈನ್ಸ್, ಇಂಡೋನೇಷ್ಯಾ, ಮಲೇಷ್ಯಾದವರು ಮಾತ್ರ ಬಿಡಲಿಲ್ಲ. ಕೊನೆಗೆ 2009ರಲ್ಲಿ ಮಲೇಷ್ಯಾದ ಕಂಪನಿಯೇ ಅದನ್ನು ಕೊಂಡಿತು.

ಫೇಸ್‌ಬುಕ್ ಕಥೆ ನಿಮಗೆ ಗೊತ್ತೇ ಇದೆ. ಹಾರ್ವರ್ಡ್‌ನ ಕಾಲೇಜು ಹುಡುಗರಿಗೆ ಅಂತ ಆಗಿದ್ದು. ಈಗ ಅಲ್ಲಿ ಮೊಮ್ಮಕ್ಕಳ ನಾಮಕರಣದ ಫೋಟೋ ಹಾಕುವವರು, ಕೈತೋಟದ ಬದನೆಕಾಯಿ ತೋರಿಸುವವರು ಇದ್ದಾರೆ. ಅತ್ತೆ, ಚಿಕ್ಕಪ್ಪ ಎಲ್ಲ ಬಂದು ಕೂತ ಮೇಲೆ ಹುಡುಗರು ಮೆಲ್ಲಗೆ ಇನ್‌ಸ್ಟಾಗ್ರಾಂ ಕಡೆ ಜಾರಿದರು. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹೊಲದ ಬದುವಿನಲ್ಲಿ ನಿಂತು ಕುಣಿಯುತ್ತಿದ್ದವರೂ ಅದರ ಮರುತಿಂಗಳು ಬಂದ ಇನ್‌ಸ್ಟಾಗ್ರಾಂನ ರೀಲ್ಸ್‌ಗೆ ಬಂದರು. ಅಲ್ಲಿಯ ಜನಕ್ಕೂ ಇಲ್ಲಿಯ ಜನಕ್ಕೂ ಮೊದಲು ಸರಿಬರಲಿಲ್ಲ. ಟಿಕ್‌ಟಾಕ್‌ನವರು ಅಂದರೆ ಮೂಗು ಮುರಿಯುವವರು ಇದ್ದರು. ನನಗೆ ಅದು ಸುಮ್ನೆ ಜಂಬ ಅನ್ನಿಸಿತ್ತು.

ಭಾಷೆ ನೋಡಿಕೊಂಡು ಜನರನ್ನು ಕರೆದವರೂ ಇದ್ದಾರೆ. ಕಾನ್ಪುರ ಐಐಟಿಯಲ್ಲಿ ಓದಿದ ಮೂವರು 2015ರಲ್ಲಿ ಶುರು ಮಾಡಿದ ಶೇರ್‌ಚಾಟ್ ಬೆಂಗಳೂರಿನದು. ಕನ್ನಡ, ತೆಲುಗು, ಮರಾಠಿ ಹೀಗೆ ನಮ್ಮ ಭಾಷೆಗಳನ್ನು ಇಟ್ಟುಕೊಂಡು, ಇಂಗ್ಲಿಷನ್ನೇ ಕೈಬಿಟ್ಟರು. ಶುಭೋದಯದ ಹೂವಿನ ಚಿತ್ರ, ದೇವರ ಫೋಟೋ, ಶಾಯರಿ, ಎಲ್ಲವೂ ಅಲ್ಲಿಂದ ವಾಟ್ಸಾಪ್‌ಗೆ ಹರಿದವು. ಸಣ್ಣ ಊರುಗಳಲ್ಲಿ ಆಗಷ್ಟೇ ಸ್ಮಾರ್ಟ್‌ಫೋನ್ ಹಿಡಿದವರಿಗೆ ಅದು ಸಲೀಸಾಗಿತ್ತು.

ಇನ್ನು ಬೆಂಗಳೂರಿನದೇ ಕೂ, ಟ್ವಿಟರ್ ಥರದ ತಾಣ. ಹಳದಿ ಹಕ್ಕಿಯ ಗುರುತು. 2020ರಲ್ಲಿ ಅದು ಮೊದಲು ಬಂದಿದ್ದೇ ಕನ್ನಡದಲ್ಲಿ. ಮರುವರ್ಷ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ ಮಂತ್ರಿಗಳು ಸಾಲಾಗಿ ಇಲ್ಲಿಗೆ ಬಂದರು. 2022ರ ನವೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಇನ್ನೊಂದು ದಂಡು ಬಂತು. ಯಾರು ಗೊತ್ತಾ? ಬ್ರೆಜಿಲ್‌ನವರು! ‘ಕೂ’ ಅಂದರೆ ಅವರ ಭಾಷೆಯಲ್ಲಿ ಬಾನುಲಿಯಲ್ಲಿ ಹೇಳಬಾರದ ಒಂದು ಪದದ ಹಾಗೆ ಕೇಳುತ್ತದಂತೆ. ಆ ತಮಾಷೆಗೇ ಮುಗಿಬಿದ್ದರು. ಕಂಪನಿಯವರು ಅವಸರದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಸೇರಿಸಿದರು. ಆದರೆ ತಮಾಷೆಗೆ ಬಂದವರಿಂದ ಖರ್ಚು ಹುಟ್ಟಲಿಲ್ಲ. ಬೇರೆ ಕಂಪನಿಗಳ ಜೊತೆ ನಡೆದ ಮಾತುಕತೆಯೂ ಮುರಿದುಬಿತ್ತು. 2024ರ ಜುಲೈನಲ್ಲಿ ಕೂ ನಿಂತಿತು. ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವರಲ್ಲಿ ಕೆಲವರು ಅಷ್ಟೊತ್ತಿಗಾಗಲೇ ಟ್ವಿಟರ್‌ಗೆ ವಾಪಸ್ ಹೋಗಿದ್ದರು. ನಮಸ್ಕಾರ.