ಬೋರ್‌ವೆಲ್ ನೀರಿಗೆ ನೀರಗಂಟಿ ಯಾರು?

ಎಲ್ಲರಿಗೂ ನಮಸ್ಕಾರ. ಎಕನಾಮಿಕ್ಸ್ ಅಂದ ತಕ್ಷಣ ರೇಡಿಯೋ ಆಫ್ ಮಾಡ್ಬೇಡಿ, ಇವತ್ತಿನ ಮಾತು ಕೋಲಾರದ ಬೋರ್‌ವೆಲ್ ಬಗ್ಗೆ.

ಕೋಲಾರದ ಕಡೆ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಮೊದಲು ಕೆರೆ, ಆಮೇಲೆ ಬಾವಿ, ಆಮೇಲೆ ಬೋರ್ ಬಂತು, ಈಗ ಸಾವಿರ ಅಡಿ ದಾಟಿದ್ರೂ ಎಷ್ಟೋ ಕಡೆ ಬರೀ ಧೂಳು, ನೀರು ಬಿದ್ರೂ ಫ್ಲೋರೈಡ್ ಕಾಟ. ಪಕ್ಕದ ತೋಟದವ್ರು ಇನ್ನಷ್ಟು ಆಳಕ್ಕೆ ಇಳಿಸಿದ್ರೆ ನಮ್ಮ ಬೋರ್ ಕೈಕೊಡುತ್ತೆ, ಸಾಲ ಮಾಡಿ ನಾವೂ ಇಳಿಸ್ತೀವಿ. ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹೇಳಿದ್ದು ಇದನ್ನೇ: ಹೇಳೋರು ಕೇಳೋರು ಇಲ್ಲದ ಗೋಮಾಳಕ್ಕೆ ಎಲ್ಲರೂ ಇನ್ನೊಂದು ಹಸು ಅಟ್ತಾರೆ, ಹಾಲು ಅವರವರ ಮನೆಗೆ, ಹುಲ್ಲು ಹೋದ ನಷ್ಟ ಊರಿಗೆಲ್ಲ.

ಕಮ್ಮಿಯಾದ ವಸ್ತುವಿಗೆ ರೇಟ್ ಏರುತ್ತೆ, ಜನ ತಾವೇ ಹಿಡಿದು ಬಳಸ್ತಾರೆ ಅಂತಾರೆ. ಆದ್ರೆ ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟೇ ಫ್ರೀ, ರಾತ್ರಿ ಆಟೋ ಸ್ಟಾರ್ಟರ್ ಹಾಕಿ ಮಲಗಿದ್ರೆ ತ್ರೀಫೇಸ್ ಬಂದಾಗ ಮೋಟರ್ ತಾನೇ ಓಡುತ್ತೆ. ರೈತರನ್ನ ಬೈತಿಲ್ಲ, ಲಕ್ಷಗಟ್ಟಲೆ ಸುರಿದು ಬೋರ್ ಹಾಕ್ಸಿದೋರು ಇನ್ನೇನು ಮಾಡ್ತಾರೆ?

ಡ್ರಿಪ್ ಹಾಕಿದ್ರೆ ಉಳಿಯುತ್ತಲ್ಲ ಅಂತೀರಿ. ಉಳಿದ ನೀರಲ್ಲಿ ಪಕ್ಕದ ಎಕರೆಗೂ ಟೊಮೇಟೊ ಹಾಕ್ತೀವಿ! ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಇದನ್ನ ಕಲ್ಲಿದ್ದಲಲ್ಲಿ ನೋಡಿದ್ದ, ಕಮ್ಮಿ ಕಲ್ಲಿದ್ದಲು ತಿನ್ನೋ ಸ್ಟೀಮ್ ಎಂಜಿನ್ ಬಂದ್ಮೇಲೆ ದೇಶದ ಒಟ್ಟು ಬಳಕೆ ಇನ್ನೂ ಏರಿತ್ತು.

ನನಗೆ ಹಿಡಿಸೋದು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, ಅವರ ಪಿಎಚ್‌ಡಿ ಲಾಸ್ ಏಂಜಲೀಸ್ ಕಡೆಯ ಅಂತರ್ಜಲದ ಮೇಲೆ. ಅಲ್ಲೂ ಎಲ್ಲರೂ ಸಿಕ್ಕಾಪಟ್ಟೆ ಎತ್ತಿ ಎತ್ತಿ ಸಮುದ್ರದ ಉಪ್ಪುನೀರೇ ಒಳಗೆ ನುಗ್ಗೋಕೆ ಶುರುವಾಗಿತ್ತು, ಕೊನೆಗೆ ಕೋರ್ಟ್ ಮೆಟ್ಟಿಲು ಹತ್ತಿ, ಯಾರು ಎಷ್ಟು ಎತ್ಬೇಕು ಅಂತ ತಮ್ಮತಮ್ಮಲ್ಲೇ ರಾಜಿಯಾಗಿ, ಲೆಕ್ಕ ನೋಡೋಕೆ ಒಬ್ಬರನ್ನ ಇಟ್ಕೊಂಡ್ರು.

ನಮ್ಮ ಕೆರೆಗಳಿಗೆ ನೀರಗಂಟಿ ಇದ್ದನಲ್ಲ, ಅದೇ ಕೆಲಸ. ತೂಬು ಎತ್ತೋದು, ಗದ್ದೆಗದ್ದೆಗೂ ನೀರು ಹಾಯಿಸೋದು ಅವನೇ. ಕೆರೆ ನೀರು ಎಲ್ಲರ ಕಣ್ಣಿಗೂ ಕಾಣ್ತಿತ್ತು, ನೆಲದಡಿಯದ್ದು ಕಾಣಲ್ಲ, ಬಹುಪಾಲು ಪಂಪ್‌ಸೆಟ್‌ಗೆ ಮೀಟರೂ ಇಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರ್ತಿದೆ, ಅದರ ಶುದ್ಧತೆ ಬಗ್ಗೆ ಜಗಳ ಇದ್ದಿದ್ದೇ. ನನ್ನ ತಕರಾರು ಬೇರೆ. ಕೆರೆ ತುಂಬ್ಸೋಕೆ ಕೋಟಿಗಟ್ಟಲೆ ಸುರಿದ್ವಿ, ಈ ಬೇಸಿಗೆಗೆ ಊರಲ್ಲಿ ಎಷ್ಟು ಎಕರೆ ಟೊಮೇಟೊ ಅಂತ ಗ್ರಾಮಸಭೆಯಲ್ಲಿ ಕೂತು ಮಾತಾಡೋಕೆ ಯಾವ ಟೆಂಡರೂ ಬೇಕಿಲ್ಲ, ಅದನ್ನ ಮಾತ್ರ ಯಾರೂ ಎತ್ತಲ್ಲ. ನಮಸ್ಕಾರ.