ಶ್ರೀಲಂಕಾದ ಮನೋವೈದ್ಯಕೀಯ ಸೇವೆ ಅಂಗೊಡದಿಂದ ಜಿಲ್ಲೆಗಳಿಗೆ ಬಂದ ಬಗೆ

ಸಭಿಕರೇ,

ಶ್ರೀಲಂಕಾದ ವಿಸ್ತೀರ್ಣ ಕರ್ನಾಟಕದ ಮೂರನೇ ಒಂದರಷ್ಟು, ಜನಸಂಖ್ಯೆ ಎರಡು ಕೋಟಿಗೆ ತುಸು ಹೆಚ್ಚು. ಇಷ್ಟು ಚಿಕ್ಕ ನಾಡಿನಲ್ಲೂ 2004ರವರೆಗೆ ಮಾನಸಿಕ ರೋಗಿಗಳ ಹಾಸಿಗೆಗಳಲ್ಲಿ ಬಹುಪಾಲು ಕೊಲಂಬೊದ ಆಸುಪಾಸಿನಲ್ಲೇ ಇದ್ದವು. ಪೂರ್ವ ಕರಾವಳಿಯ ಮೀನುಗಾರನ ಮನೆಯವರು ರೋಗಿಯನ್ನು ಕರೆದುಕೊಂಡು ಕೊಲಂಬೊ ಬಳಿಯ ಅಂಗೊಡದ ಮಾನಸಿಕ ಆಸ್ಪತ್ರೆಗೆ ಹೋಗಬೇಕೆಂದರೆ ಒಂದಿಡೀ ದಿನದ ಪ್ರಯಾಣ, ಜೊತೆಗೆ ಭಾಷೆಯ ತೊಡಕು. ಹೀಗಾಗಿ ಒಮ್ಮೆ ಸೇರಿಸಿ ಬಂದವರಲ್ಲಿ ಎಷ್ಟೋ ಮಂದಿ ಮತ್ತೆ ಅತ್ತ ತಲೆಹಾಕಲಿಲ್ಲ. ರೋಗ ಹಿಡಿತಕ್ಕೆ ಬಂದರೂ ರೋಗಿಗೆ ಮರಳಲು ಮನೆ ಇರುತ್ತಿರಲಿಲ್ಲ.

ಇದು ವಸಾಹತು ಕಾಲದ ಬಳುವಳಿ. 19ನೇ ಶತಮಾನದ ಮಧ್ಯಭಾಗದಲ್ಲಿ ಕೊಲಂಬೊದ ಬೊರೆಲ್ಲದಲ್ಲಿ ಹುಚ್ಚಾಸ್ಪತ್ರೆ ಕಟ್ಟಿದರು. ಅದು ತುಂಬಿದಾಗ ಅದೇ ನಗರದ ಸಿನ್ನಮನ್ ಗಾರ್ಡನ್ಸ್‌ನಲ್ಲಿ, ಅದೂ ತುಂಬಿದಾಗ 1920ರ ದಶಕದಲ್ಲಿ ಅಂಗೊಡದಲ್ಲಿ ಕಟ್ಟಿದರು. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದು, ಪ್ರತಿ ಸಲವೂ ಕೆಲವೇ ವರ್ಷಗಳಲ್ಲಿ ಇಕ್ಕಟ್ಟು. 1930ರ ದಶಕದ ಕೊನೆಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮನೋವೈದ್ಯ ಎಡ್ವರ್ಡ್ ಮ್ಯಾಪದರ್ ಬಂದು, ಹೊರರೋಗಿ ಚಿಕಿತ್ಸಾಲಯ ತೆರೆಯಿರಿ, ಸಿಬ್ಬಂದಿಗೆ ತರಬೇತಿ ಕೊಡಿ ಎಂದು ವರದಿ ಬರೆದರು. ಆ ಮಾತು ಜಿಲ್ಲೆಗಳನ್ನು ಮುಟ್ಟಲು ಸುಮಾರು ಏಳು ದಶಕ ಹಿಡಿಯಿತು.

2004ರ ಡಿಸೆಂಬರ್ 26ರ ಸುನಾಮಿ ಶ್ರೀಲಂಕಾದಲ್ಲಿ 30,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನೆರವಿನ ಹಣ ಹರಿದುಬಂತು, ವಿದೇಶದಿಂದ ಆಪ್ತಸಮಾಲೋಚಕರ ತಂಡಗಳೂ ಬಂದವು. ಆ ತಂಡಗಳು ಕೆಲವು ವಾರಗಳಲ್ಲಿ ಹೊರಟುಹೋಗುವಂಥವು. ಆರೋಗ್ಯ ಇಲಾಖೆ ಅದೇ ಹೊತ್ತಿನಲ್ಲಿ ಕಾಯಂ ಸೇವೆಯ ಯೋಜನೆ ಹಾಕಿಕೊಂಡದ್ದು ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು. 2005ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ನೀತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಸುನಾಮಿಗೆ ಮೊದಲು 27 ಆರೋಗ್ಯ ಜಿಲ್ಲೆಗಳ ಪೈಕಿ 10ರಲ್ಲಿ ಮಾತ್ರ ಮಾನಸಿಕ ಆರೋಗ್ಯ ಸೇವೆಯ ವ್ಯವಸ್ಥೆಯಿತ್ತು, ಸುಮಾರು ಎಂಟು ವರ್ಷಗಳಲ್ಲಿ ಅದು 20ಕ್ಕೆ ಏರಿತು.

ಮನೋವೈದ್ಯರು ಬೆರಳೆಣಿಕೆಯಷ್ಟಿರುವಾಗ ಇದು ಹೇಗೆ ಸಾಧ್ಯವಾಯಿತು? ಎಂಬಿಬಿಎಸ್ ಮುಗಿಸಿದ ಸಾಮಾನ್ಯ ವೈದ್ಯರಿಗೆ ಮೂರು ತಿಂಗಳ ತರಬೇತಿ ಕೊಟ್ಟು, 'ಮಾನಸಿಕ ಆರೋಗ್ಯ ವೈದ್ಯಾಧಿಕಾರಿ' ಎಂಬ ಹುದ್ದೆಯಲ್ಲಿ ಜಿಲ್ಲೆಗೆ ಕಳಿಸಿದರು. ಮುಂದೆ ಒಂದು ವರ್ಷದ ಡಿಪ್ಲೊಮಾ ಕೂಡ ಬಂತು. ಈ ವೈದ್ಯರು ಗೊತ್ತಾದ ದಿನ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಕ್ಲಿನಿಕ್ ನಡೆಸುತ್ತಾರೆ, ಮಾತ್ರೆ ನುಂಗಲೊಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಫ್ಲುಫೆನಝೀನ್ ಡಿಪೊ ಇಂಜೆಕ್ಷನ್ ಕೊಡಿಸುತ್ತಾರೆ, ಬಾರದವರ ಮನೆಗೆ ಸಮುದಾಯ ನರ್ಸನ್ನು ಕಳಿಸುತ್ತಾರೆ. ಬಾಣಂತಿಯರ ಖಿನ್ನತೆಯನ್ನು ಗುರುತಿಸುವ ಕೆಲಸ ಮೊದಲೇ ಮನೆಮನೆಗೆ ಹೋಗುತ್ತಿದ್ದ ಸೂಲಗಿತ್ತಿಯರ ಜಾಲಕ್ಕೆ ಸೇರಿತು. ಅವರ ಕೈಯಲ್ಲಿರುವುದು ಹತ್ತು ಪ್ರಶ್ನೆ, 30 ಅಂಕಗಳ ಎಡಿನ್‌ಬರೊ ಮಾಪಕ.

ಕೆಡುವುದು ಎಲ್ಲಿ? ಕ್ಲೊಝಪೀನ್ ಒಂದನ್ನೇ ನೋಡಿ. ಬೇರೆ ಔಷಧಗಳಿಗೆ ಬಗ್ಗದ ಸ್ಕಿಝೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಬಲ್ಲದು. ಹಾಗಾಗಿ ಬಹುಕಾಲದಿಂದ ಬಂದ ನಿಯಮದಂತೆ ಮೊದಲ 18 ವಾರ ಪ್ರತಿ ವಾರ, ಆಮೇಲೆ ವರ್ಷ ತುಂಬುವವರೆಗೆ ಎರಡು ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಕೆಳಗಿಳಿದರೆ ಔಷಧ ನಿಲ್ಲಿಸಬೇಕು. ಹತ್ತಿರದಲ್ಲಿ ಪ್ರಯೋಗಾಲಯ ಇಲ್ಲದಿದ್ದರೆ ವೈದ್ಯರು ಬರೆಯಲು ಹಿಂಜರಿಯುತ್ತಾರೆ, ರೋಗಿ ಮತ್ತೆ ಅಂಗೊಡದ ಬಸ್ಸು ಹತ್ತುತ್ತಾನೆ. 48 ಗಂಟೆಗಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರ ಮರಳುವಂತಿಲ್ಲ, 12.5 ಮಿ.ಗ್ರಾಂ.ನಿಂದ ಪುನಃ ಏರಿಸುತ್ತ ಹೋಗಬೇಕು. 2022ರ ಆರ್ಥಿಕ ಕುಸಿತದಲ್ಲಿ ಔಷಧಗಳ ಕೊರತೆಯಾದಾಗ ಇಂಥ ನಿಯಮಗಳ ಭಾರ ಏನೆಂಬುದನ್ನು ನೀವೇ ಊಹಿಸಬಹುದು. ಅದೇ ಸಮಯದಲ್ಲಿ ವೈದ್ಯರೂ ದೊಡ್ಡ ಸಂಖ್ಯೆಯಲ್ಲಿ ದೇಶ ಬಿಟ್ಟರು.

ಆತ್ಮಹತ್ಯೆಯ ವಿಷಯ ಬೇರೆಯೇ. 1995ರ ಸುಮಾರಿಗೆ ಲಕ್ಷಕ್ಕೆ 47 ಜನ ಸಾಯುತ್ತಿದ್ದರು, ಅದು ಆಗ ಜಗತ್ತಿನ ಅತಿ ಹೆಚ್ಚಿನ ದರಗಳಲ್ಲೊಂದು. ಬಹಳಷ್ಟು ಸಾವು ಕೀಟನಾಶಕದಿಂದ. ಅತಿ ವಿಷಕಾರಿ ಕೀಟನಾಶಕಗಳನ್ನು 1995ರಲ್ಲಿ, ಎಂಡೋಸಲ್ಫಾನನ್ನು 1998ರಲ್ಲಿ, ಪ್ಯಾರಾಕ್ವಾಟ್, ಡೈಮಿಥೊಯೇಟ್, ಫೆಂಥಿಯಾನ್‌ಗಳನ್ನು 2008ರಿಂದ 2011ರ ನಡುವೆ ಹಂತಹಂತವಾಗಿ ನಿಷೇಧಿಸಿದರು. ಇಪ್ಪತ್ತು ವರ್ಷಗಳಲ್ಲಿ ದರ ಸುಮಾರು 70 ಶೇಕಡಾ ಇಳಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ. ಸಿಟ್ಟಿನ, ಸೋಲಿನ ಕೆಲವೇ ನಿಮಿಷಗಳಲ್ಲಿ ಕೈಗೆ ಸಿಕ್ಕಿದ್ದು ಎಷ್ಟು ಘೋರ ಎಂಬುದೇ ಜೀವ ಉಳಿಯುವುದನ್ನು ನಿರ್ಧರಿಸುತ್ತದೆ. ಆತ್ಮಹತ್ಯೆಯ ಯತ್ನ 1998ರಲ್ಲಿ ಅಪರಾಧಗಳ ಪಟ್ಟಿಯಿಂದ ಹೊರಬಂದ ಮೇಲೆ ಬದುಕುಳಿದವರು ಪೊಲೀಸರಿಗೆ ಹೆದರದೆ ಚಿಕಿತ್ಸೆಗೆ ಬರುವಂತಾಯಿತು.

ಅಂಗೊಡ ಆಸ್ಪತ್ರೆ 2008ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು. ಕಾನೂನು ಮಾತ್ರ 1873ರ ಬುನಾದಿಯ ಮೇಲೆಯೇ ನಿಂತಿದೆ, ಅದರ ದೊಡ್ಡ ತಿದ್ದುಪಡಿ ಆದದ್ದು 1956ರಲ್ಲಿ. ಒಪ್ಪಿಗೆಯಿಲ್ಲದ ದಾಖಲಾತಿಯ ವಿಧಿಗಳನ್ನು ಅದು ಬರೆದಿರುವುದು ಹಳೆಯ ಮನೋರೋಗ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಜಿಲ್ಲಾ ವಾರ್ಡಿನಲ್ಲಿ ಉದ್ರಿಕ್ತ ರೋಗಿಯನ್ನು ತಡೆದು ನಿಲ್ಲಿಸುವ ವೈದ್ಯರಿಗೂ ಗಟ್ಟಿ ಆಧಾರವಿಲ್ಲ, ರೋಗಿಗೂ ಮೇಲ್ಮನವಿಯ ದಾರಿ ಸರಿಯಾಗಿಲ್ಲ. ಹೊಸ ಮಸೂದೆಯಲ್ಲಿ ಇರಲೇಬೇಕಾದವು ಜಿಲ್ಲಾ ವಾರ್ಡುಗಳಿಗೆ ಮಾನ್ಯತೆ, ದಾಖಲಾತಿಗೆ ಕಾಲಮಿತಿ ಮತ್ತು ಸಿಂಹಳ, ತಮಿಳು ಎರಡರಲ್ಲೂ ಅಹವಾಲು ಕೇಳುವ ಪರಿಶೀಲನಾ ಮಂಡಳಿ.