ಮಹಾಪ್ರಬಂಧದೊಳಗಿನ ಎರವಲು ಚಿತ್ರ

ಕೇಳುಗರಿಗೆ ನಮಸ್ಕಾರ. ಪಿಎಚ್‌.ಡಿ. ಮಹಾಪ್ರಬಂಧದಲ್ಲಿ ಹಿಂದಿನ ಅಧ್ಯಯನಗಳ ಸಮೀಕ್ಷೆ ಎರವಲು ಚಿತ್ರವಿಲ್ಲದೆ ಮುಗಿಯುವುದು ಅಪರೂಪ. ಯಾವುದೋ ಜರ್ನಲ್‌ನ ಗ್ರಾಫ್ ತಂದು ಹಾಕಿ, ಕೆಳಗೆ ‘ಕೃಪೆ’ ಎಂದು ಲೇಖಕರ ಹೆಸರು ಬರೆದುಬಿಟ್ಟರೆ ಆಯಿತು ಅಂದುಕೊಳ್ಳುವವರೇ ಹೆಚ್ಚು. ಹೆಸರು ಹೇಳಿದರೆ ಕೃತಿಚೌರ್ಯದ ಆಪಾದನೆ ತಪ್ಪುತ್ತದೆ, ನಿಜ. ಹಕ್ಕುಸ್ವಾಮ್ಯದ ಪ್ರಶ್ನೆ ಹಾಗೇ ಉಳಿಯುತ್ತದೆ.

ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲೇ ಇದ್ದ ಕಾಲದಲ್ಲಿ ಇದನ್ನು ಕೇಳುವವರು ಕಡಿಮೆ. ಈಗ ಅದು ಭಾರತದ ಪ್ರಬಂಧಗಳ ಮುಕ್ತ ಜಾಲಭಂಡಾರವಾದ ಶೋಧಗಂಗಾಕ್ಕೆ ಏರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಸಂಶೋಧನೆಗೆ, ವಿಮರ್ಶೆಗೆ ರಿಯಾಯಿತಿ ಕೊಟ್ಟಿದೆ. ಪಾಠಕ್ಕೆಂದು ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡುವುದನ್ನು 2016ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿದ್ದೂ ಇದೇ ಕಲಂ ಹಿಡಿದು. ಚಿತ್ರವನ್ನೇ ನೀವು ವಿಮರ್ಶೆಗೆ ಒಡ್ಡಿದ್ದರೆ ಈ ಕಲಂ ಆಸರೆಯಾದೀತು. ಪುಟಕ್ಕೆ ಅಂದವಿರಲಿ ಎಂದು ಹಾಕಿ ಜಾಲಕ್ಕೇರಿಸಿದರೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ.

ಹಾಗಾಗಿ ಮರುಬಳಕೆಗೆ ಯಾವ ಪರವಾನಗಿ ಇದೆ ಎಂದು ಮೂಲ ಲೇಖನದ ಮೊದಲ ಪುಟದ ಅಡಿಭಾಗ, ಕೊನೆಯ ಪುಟ ಎರಡನ್ನೂ ನೋಡಿ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ‘ಸಿಸಿ ಬೈ’, ಅಂದರೆ ಹೆಸರು ಹೇಳಿ ಬಳಸಿ, ಎಂದಷ್ಟೇ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ‘ಎನ್‌ಸಿ’, ಅಂದರೆ ವಾಣಿಜ್ಯೇತರ ಬಳಕೆಗೆ ಮಾತ್ರ ಎಂಬುದು, ಸೇರಿದ್ದರೆ ಪ್ರಬಂಧಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದನ್ನೇ ಬೆಲೆಯಿಟ್ಟು ಪುಸ್ತಕ ಮಾಡುವಾಗ ತಕರಾರು. ಕನ್ನಡದಲ್ಲಿ ಬರೆಯುವವರ ಕಾಲಿಗೆ ತೊಡರುವುದು ‘ಎನ್‌ಡಿ’, ಅಂದರೆ ಮಾರ್ಪಡಿಸಿ ಹಂಚುವಂತಿಲ್ಲ ಎಂಬ ಷರತ್ತು. ಚಿತ್ರದೊಳಗಿನ ಇಂಗ್ಲಿಷ್ ಪದ ಅಳಿಸಿ ಕನ್ನಡ ಕೂರಿಸಿದರೆ ಅದು ಮಾರ್ಪಾಡು, ಎನ್‌ಡಿ ಅದನ್ನು ಹಂಚಲು ಬಿಡುವುದಿಲ್ಲ. ಚಿತ್ರ ಇದ್ದ ಹಾಗೇ ಇರಲಿ, ಕನ್ನಡದ ವಿವರಣೆ ಅದರ ಕೆಳಗೆ ಬರಲಿ.

ಮುಕ್ತ ಲೇಖನದೊಳಗೂ ‘ಅನುಮತಿ ಪಡೆದು ಮರುಮುದ್ರಿಸಿದೆ’ ಎಂಬ ಚಿತ್ರವಿರಬಹುದು. ಆ ಅನುಮತಿ ಲೇಖನ ಬರೆದವರಿಗೆ ಸಿಕ್ಕಿದ್ದು, ನಿಮಗಲ್ಲ. ಇನ್ನು ಸಿಸಿ ಬೈ ಚಿತ್ರದ ಅಡಿಬರಹ ಹೀಗಿರಲಿ: ಚಿತ್ರ 2.4, ಲೇಖಕರು, ವರ್ಷ, ಜರ್ನಲ್, ಮೂಲದಲ್ಲಿ ಚಿತ್ರ 3, ಡಿಒಐ ಎಂಬ ಲೇಖನದ ಶಾಶ್ವತ ಗುರುತಿನ ಕೊಂಡಿ, ಸಿಸಿ ಬೈ 4.0, ಪದಗಳನ್ನು ಕನ್ನಡಕ್ಕೆ ಬದಲಿಸಿದೆ. ಬದಲಾವಣೆ ಮಾಡಿದ್ದರೆ ಹೇಳಲೇಬೇಕೆಂಬುದು ಪರವಾನಗಿಯದೇ ಷರತ್ತು. ಹೆಚ್ಚಿನವರು ಬಿಡುವುದು ಇದನ್ನೇ.

ಪರವಾನಗಿಯೇ ಇಲ್ಲದಿದ್ದರೆ ಲೇಖನದ ಜಾಲಪುಟದಲ್ಲಿ ‘ಪರ್ಮಿಷನ್ಸ್’ ಗುಂಡಿ ಹುಡುಕಿ. ದೊಡ್ಡ ಪ್ರಕಾಶಕರಲ್ಲಿ ಅದು ಬಹುಮಟ್ಟಿಗೆ ರೈಟ್ಸ್‌ಲಿಂಕ್ ಎಂಬ ಅನುಮತಿ ಕೊಡಿಸುವ ಜಾಲಸೇವೆಗೆ ಒಯ್ಯುತ್ತದೆ. ಬಳಕೆ ಮಹಾಪ್ರಬಂಧಕ್ಕೋ, ಚಿತ್ರಗಳು ಎಷ್ಟು, ಮುದ್ರಿತವೋ ವಿದ್ಯುನ್ಮಾನವೋ ಎಂದು ಕೇಳುತ್ತದೆ. ಎರಡೂ ಎಂದೇ ಆರಿಸಿ. ಮುದ್ರಿತ ಎಂದಷ್ಟೇ ಒತ್ತಿದರೆ ಶೋಧಗಂಗಾಕ್ಕೆ ಆ ಅನುಮತಿ ಸಾಲದು. ಪ್ರಬಂಧಕ್ಕೆ ಎಷ್ಟೋ ಸಲ ಶುಲ್ಕ ಸೊನ್ನೆ. ಬಂದ ಪರವಾನಗಿಯ ಪಿಡಿಎಫ್ ಉಳಿಸಿ ಅನುಬಂಧಕ್ಕೆ ಸೇರಿಸಿ.

ನಿಮ್ಮದೇ ಪ್ರಕಟಿತ ಲೇಖನದ ಚಿತ್ರವಾದರೂ ಹಕ್ಕು ಬರೆದುಕೊಟ್ಟಿದ್ದರೆ ಒಪ್ಪಂದ ತೆಗೆದು ಓದಿ. ನಮ್ಮ ಕಾಯ್ದೆಯ 19ನೇ ಕಲಂ ಪ್ರಕಾರ, ಅವಧಿ ನಮೂದಿಸದ ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ವಿದೇಶಿ ಪ್ರಕಾಶಕರು ಎರಡನ್ನೂ ಸಾಮಾನ್ಯವಾಗಿ ಬಿಗಿಯಾಗಿ ಬರೆದಿರುತ್ತಾರೆ. ಆದರೂ ಸ್ವಂತ ಪ್ರಬಂಧದಲ್ಲಿ ಬಳಸಲು ಅವರಲ್ಲಿ ಹಲವರು ಲೇಖಕರಿಗೆ ಅವಕಾಶ ಉಳಿಸಿರುತ್ತಾರೆ.

ಅಂಕಿಅಂಶಗಳಿಗೆ ಮಾತ್ರ ಹಕ್ಕುಸ್ವಾಮ್ಯವಿಲ್ಲ. ಕೋಷ್ಟಕದ ಸಂಖ್ಯೆಗಳನ್ನು ತೆಗೆದುಕೊಂಡು ನೀವೇ ಹೊಸ ಗ್ರಾಫ್ ಬಿಡಿಸಿ, ಮಾಹಿತಿಯ ಮೂಲ ಹೇಳಿ. ಮೂಲ ಚಿತ್ರದ ಮೇಲೆ ಗೆರೆ ಎಳೆದು ನಕಲು ತೆಗೆದರೆ ಅದು ಹೊಸದಾಗುವುದಿಲ್ಲ. ಅನುಮತಿ ಕೇಳಿದ ಪತ್ರಕ್ಕೆ ಉತ್ತರವೇ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ. ಜಾಲಕ್ಕೇರುವ ಪ್ರತಿಯಲ್ಲಿ ಆ ಜಾಗದಲ್ಲಿ ಎರಡು ಸಾಲಿನ ವಿವರಣೆ, ಮೂಲದ ಡಿಒಐ ಕೊಟ್ಟು ಚಿತ್ರ ತೆಗೆಯಿರಿ.